ಬಾಲ್ ಸಿಕ್ಕ ಮೊದಲ ಮೂರು ಸೆಕೆಂಡ್: ಹುಡುಗರಿಗೆ ಕೌಂಟರ್ ಅಟ್ಯಾಕ್ ಕಲಿಸುವುದು ಹೇಗೆ

ಮಂಡ್ಯದ ನಮ್ಮ ಮೈದಾನದಲ್ಲಿ ಒಂದು ಸಂಜೆ ಫುಟ್‌ಬಾಲ್ ಪ್ರಾಕ್ಟೀಸ್ ಮ್ಯಾಚ್ ನಡೆಯುತ್ತಿತ್ತು. ಎದುರು ತಂಡದ ಮಿಡ್‌ಫೀಲ್ಡರ್ ಅಡ್ಡ ಪಾಸ್ ಕೊಟ್ಟ. ನಮ್ಮ ಹುಡುಗ ಮಧ್ಯೆ ಕಾಲು ಹಾಕಿ ಬಾಲ್ ಕಿತ್ತುಕೊಂಡ. ತುಂಬಾ ಚೆನ್ನಾಗಿ ಕಿತ್ತುಕೊಂಡ. ಆಮೇಲೆ ಬಾಲ್ ಮೇಲೆ ಪಾದ ಇಟ್ಟು ನಿಲ್ಲಿಸಿದ, ಅದನ್ನೇ ನೋಡಿದ, ಎಡಕ್ಕೊಮ್ಮೆ ತಿರುಗಿದ, ಬಲಕ್ಕೊಮ್ಮೆ ತಿರುಗಿದ, ಕೊನೆಗೆ ತಲೆ ಎತ್ತಿದ. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ಐದು ಎಣಿಸಿದ್ದೆ. ಕೈ ಎತ್ತಿಕೊಂಡು ಮುಂದೆ ಓಡಿದ್ದ ಇಬ್ಬರು ಸುಸ್ತಾಗಿ ನಿಂತುಬಿಟ್ಟಿದ್ದರು. ಎದುರಾಳಿಗಳು ಆರು ಜನ ವಾಪಸ್ ಬಂದು ಸಾಲು ಕಟ್ಟಿಕೊಂಡಿದ್ದರು. ಆ ಹುಡುಗ ನಮ್ಮ ತಂಡದಲ್ಲೇ ಎಲ್ಲರಿಗಿಂತ ಜೋರಾಗಿ ಓಡುವವನು. ಅವನ ಕಾಲಿಗೇನೂ ಕಮ್ಮಿ ಇರಲಿಲ್ಲ, ಕಣ್ಣು ತಡವಾಗಿ ಎದ್ದಿತ್ತು ಅಷ್ಟೆ.

ಕೌಂಟರ್ ಅಟ್ಯಾಕ್ ಅಂದರೆ ದಾಳಿಗೆ ಬಂದ ಎದುರಾಳಿಯಿಂದ ಬಾಲ್ ಕಿತ್ತುಕೊಂಡು, ಅವರು ವಾಪಸ್ ಸೇರಿಕೊಳ್ಳುವ ಮೊದಲೇ ತಿರುಗಿ ದಾಳಿ ಮಾಡುವುದು. ಅದನ್ನು ಕಲಿಸಲು ಹೊರಡುವ ಹೆಚ್ಚಿನ ಕೋಚ್‌ಗಳು, ಪಿ.ಟಿ. ಮೇಷ್ಟ್ರುಗಳು ಮೊದಲು ಓಟ ಕಲಿಸುತ್ತಾರೆ. ನಾನೂ ಎರಡು ವರ್ಷ ಅದನ್ನೇ ಮಾಡಿದೆ. ಈಗ ನಾನು ನಂಬಿರುವುದು ಬೇರೆ. ಬಾಲ್ ಸಿಕ್ಕ ಮೇಲೆ ಏನು ಮಾಡಬೇಕು ಅಂತ ಬಾಲ್ ಸಿಗುವ ಮೊದಲೇ ಗೊತ್ತಿರಬೇಕು. ಮಿಕ್ಕಿದ್ದೆಲ್ಲ ಅದರ ಮೇಲೆ ಕಟ್ಟುವುದು.

ನಮ್ಮ ಕಡೆಯ ಹುಡುಗರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟ ಅಲ್ಲ, ಯಾಕೆಂದರೆ ಬಹಳಷ್ಟು ಜನ ಕಬಡ್ಡಿ ಆಡಿಕೊಂಡು ಬಂದವರು. ಎದುರು ರೈಡರ್ ನಮ್ಮ ಅಂಕಣದಿಂದ ತನ್ನ ಕಡೆಗೆ ವಾಪಸ್ ಓಡುವಾಗ ಅವನ ಬೆನ್ನಿಗೇ ನಮ್ಮವನೊಬ್ಬ ನುಗ್ಗುತ್ತಾನಲ್ಲ, ಅದನ್ನು ನೆನಪಿಸಿ. ಅಲ್ಲಿ ಅವರು ಇನ್ನೂ ಕೈ ಕೈ ಹಿಡಿದು ನಿಂತಿರುವುದಿಲ್ಲ. ತಮ್ಮ ರೈಡರ್ ಉಳಿದು ಬಂದನಲ್ಲ ಅಂತ ಉಸಿರು ಬಿಡುತ್ತಿರುತ್ತಾರೆ. ಆ ಗಳಿಗೆಯಲ್ಲಿ ಒಂದು ಟಚ್ ಸಿಕ್ಕಿಬಿಡುತ್ತದೆ. ಹಾಗೆ ನುಗ್ಗುವವನು ರೈಡರ್ ಗೆರೆ ದಾಟಿದ ಮೇಲೆ ಕೂತು ಯೋಚಿಸುತ್ತಾನಾ? ಇಲ್ಲ, ಅವನು ಗೆರೆ ಹತ್ತಿರ ಆಗಲೇ ಬಂದು ನಿಂತಿರುತ್ತಾನೆ. ಫುಟ್‌ಬಾಲ್‌ನಲ್ಲೂ ಅಷ್ಟೇ.

ಮೊದಲು, ಇದು ಯಾಕೆ ಕೆಲಸ ಮಾಡುತ್ತದೆ

ಎದುರು ತಂಡ ದಾಳಿಗೆ ಬಂದಾಗ ಅಗಲವಾಗಿ ಹರಡಿಕೊಳ್ಳುತ್ತದೆ. ಎರಡೂ ಪಕ್ಕದ ಡಿಫೆಂಡರ್‌ಗಳು, ಅಂದರೆ ಸೈಡ್ ಬ್ಯಾಕ್‌ಗಳು, ಮೇಲೆ ಬಂದಿರುತ್ತಾರೆ, ಮಧ್ಯದ ಡಿಫೆಂಡರ್‌ಗಳ ನಡುವೆ ಜಾಗ ಬಿದ್ದಿರುತ್ತದೆ, ಎಲ್ಲರ ಮುಖವೂ ನಮ್ಮ ಗೋಲಿನ ಕಡೆಗಿರುತ್ತದೆ. ಅವರು ತಿರುಗಬೇಕು, ಓಡಬೇಕು, ಯಾರು ಯಾರನ್ನು ಹಿಡಿಯಬೇಕು ಅಂತ ನೋಡಿಕೊಳ್ಳಬೇಕು. ಇಷ್ಟಾಗುವುದಕ್ಕೆ ಕೆಲವು ಸೆಕೆಂಡ್ ಬೇಕೇ ಬೇಕು. ನಮಗೆ ಸಿಗುವ ಸಮಯ ಅದೊಂದೇ.

ಪೂರ್ತಿ ಅಳತೆಯ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಚೆನ್ನಾಗಿ ಓಡುವ ಹೈಸ್ಕೂಲ್ ಹುಡುಗನಿಗೂ 60 ಮೀಟರ್ ಓಡಲು ಸುಮಾರು 8 ಸೆಕೆಂಡ್ ಬೇಕು, ಕಾಲಲ್ಲಿ ಬಾಲ್ ಇದ್ದರೆ ಇನ್ನೂ ಜಾಸ್ತಿ. ಗಟ್ಟಿಯಾಗಿ ಕೊಟ್ಟ ಪಾಸ್ ಅಷ್ಟೇ ದೂರವನ್ನು ಅರ್ಧಕ್ಕಿಂತ ಕಮ್ಮಿ ಹೊತ್ತಿನಲ್ಲಿ ದಾಟುತ್ತದೆ. ಹಾಗಾಗಿ ಮೊದಲು ಮುಂದೆ ಹೋಗಬೇಕಾದ್ದು ಬಾಲ್. ಆಮೇಲೆ ಜನ.

ಹುಡುಗರಿಗೆ ತೋರಿಸಲು ನಾನು ಯಾವಾಗಲೂ ಒಂದೇ ಗೋಲನ್ನು ಬಳಸುತ್ತೇನೆ. 2018ರ ವಿಶ್ವಕಪ್, ರಷ್ಯಾದ ರೊಸ್ತೊವ್ ನಗರ, ಜುಲೈ 2, ಬೆಲ್ಜಿಯಂ ಮತ್ತು ಜಪಾನ್. ಬೆಲ್ಜಿಯಂ 0-2 ಹಿಂದಿದ್ದು 2-2 ಮಾಡಿಕೊಂಡಿತ್ತು. 90 ನಿಮಿಷ ಮುಗಿದ ಮೇಲೆ ರೆಫರಿ ಸೇರಿಸಿದ ಸಮಯದ ನಾಲ್ಕನೇ ನಿಮಿಷ, ಜಪಾನ್‌ಗೆ ಕಾರ್ನರ್. ಬೆಲ್ಜಿಯಂ ಕೀಪರ್ ಕೋರ್ತ್ವಾ ಬಾಲ್ ಹಿಡಿದ, ಕೆಲವು ಹೆಜ್ಜೆ ಓಡಿ ಡಿ ಬ್ರೂಯ್ನಾನ ಮುಂದಕ್ಕೆ ಉರುಳಿಸಿದ. ಡಿ ಬ್ರೂಯ್ನಾ ಮೈದಾನದ ಮಧ್ಯದಲ್ಲೇ ಬಾಲ್ ತೆಗೆದುಕೊಂಡು ಓಡಿದ, ಎದುರಿಗೆ ಡಿಫೆಂಡರ್ ಬರುವ ತನಕ ಓಡಿದ, ಬಂದ ಕೂಡಲೇ ಬಲಗಡೆ ಮ್ಯೂನಿಯೆಗೆ ಕೊಟ್ಟ. ಮ್ಯೂನಿಯೆ ಪಕ್ಕದಿಂದ ಗೋಲಿನ ಮುಂದಕ್ಕೆ ನೆಲದ ಮೇಲೇ ಕ್ರಾಸ್ ಹಾಕಿದ. ಲುಕಾಕು ಮುಟ್ಟದೆ ಬಿಟ್ಟ, ಹಿಂದಿನಿಂದ ಓಡಿ ಬಂದ ಶಾದ್ಲಿ ಒಳಗೆ ತಳ್ಳಿದ. ಬೆಲ್ಜಿಯಂ ಕಡೆಯಲ್ಲಿ ಬಾಲ್ ಮುಟ್ಟಿದವರು ನಾಲ್ಕೇ ಜನ.

ಇದನ್ನು ಮೊಬೈಲಿನಲ್ಲಿ ಮೂರು ಸಲ ತೋರಿಸಿ. ಮೊದಲ ಸಲ ಸುಮ್ನೆ ನೋಡಲಿ. ಎರಡನೇ ಸಲ ಡಿ ಬ್ರೂಯ್ನಾನನ್ನು ಮಾತ್ರ ನೋಡಲಿ. ಮೂರನೇ ಸಲ ಬಾಲ್ ನೋಡಲೇಬೇಡಿ, ಲುಕಾಕುವನ್ನು ಮಾತ್ರ ನೋಡಿ ಅಂತ ಹೇಳಿ. ಅವನು ಬಾಲ್ ಮುಟ್ಟುವುದೇ ಇಲ್ಲ, ಆದರೆ ತನ್ನ ಓಟದಿಂದ ಡಿಫೆಂಡರ್‌ನನ್ನು ಒಳಗೆ ಎಳೆದುಕೊಂಡು ಹೋಗಿ ಬಲಗಡೆ ಜಾಗ ಮಾಡಿಕೊಡುತ್ತಾನೆ. ನಮ್ಮ ಹುಡುಗನೊಬ್ಬ ಇದನ್ನು ನೋಡಿ, "ಸಾ, ಬಾಲ್ ಸಿಗ್ದೇ ಇದ್ರೂ ಓಡ್ಬೇಕಾ?" ಅಂತ ಕೇಳಿದ. ಹೂಂ ಮಗ, ಅದೇ ಪಾಠ.

ಹೆಜ್ಜೆ 1: ಬಾಲ್ ಅವರ ಹತ್ತಿರ ಇದ್ದಾಗಲೇ ನಮ್ಮವರನ್ನು ನಿಲ್ಲಿಸಿ

ಎಲ್ಲರೂ ವಾಪಸ್ ಬಂದು ಗೋಲಿನ ಮುಂದೆ ಗುಂಪಾಗಿ ನಿಂತರೆ ಬಾಲ್ ಸಿಕ್ಕರೂ ಕೊಡುವುದಕ್ಕೆ ಯಾರೂ ಇರುವುದಿಲ್ಲ. ನಾನು 4-4-2 ಆಡಿಸುತ್ತೇನೆ, ಅಂದರೆ ನಾಲ್ವರು ಡಿಫೆಂಡರ್, ನಾಲ್ವರು ಮಿಡ್‌ಫೀಲ್ಡರ್, ಇಬ್ಬರು ಫಾರ್ವರ್ಡ್, ಶಾಲೆಯ ಹುಡುಗರಿಗೆ ಅದು ಬೇಗ ತಲೆಗೆ ಹೋಗುತ್ತದೆ. ಇಬ್ಬರು ಫಾರ್ವರ್ಡ್‌ಗಳಲ್ಲಿ ಒಬ್ಬ ಕೆಳಗಿಳಿದು ಅವರ ಮಿಡ್‌ಫೀಲ್ಡರ್‌ನ ಪಕ್ಕ ನಿಲ್ಲುತ್ತಾನೆ. ಇನ್ನೊಬ್ಬ ಮೇಲೇ ಇರುತ್ತಾನೆ, ಅವರ ಇಬ್ಬರು ಸೆಂಟರ್ ಬ್ಯಾಕ್‌ಗಳ ನಡುವೆ, ನಡು ಗೆರೆಯ ಹತ್ತಿರ. ಬಾಲ್ ಇಲ್ಲದ ಕಡೆಯ ವಿಂಗರ್, ಅಂದರೆ ಅಂಚಿನಲ್ಲಿ ಆಡುವ ಮಿಡ್‌ಫೀಲ್ಡರ್, ಪೂರ್ತಿ ಕೆಳಗೆ ಇಳಿಯುವುದಿಲ್ಲ, ಸ್ವಲ್ಪ ಒಳಗೆ ಬಂದು, ಓಡಲು ತಯಾರಾಗಿ ನಿಲ್ಲುತ್ತಾನೆ.

ಇಲ್ಲಿ ಆಫ್‌ಸೈಡ್ ನಿಯಮವನ್ನು ಸರಿಯಾಗಿ ಹೇಳಿಕೊಡಿ, ಯಾಕೆಂದರೆ ನಮ್ಮ ಎಷ್ಟೋ ಒಳ್ಳೆಯ ಕೌಂಟರ್‌ಗಳು ಲೈನ್ಸ್‌ಮನ್ ಬಾವುಟಕ್ಕೆ ಸತ್ತಿವೆ. ಎದುರಾಳಿಯ ಅರ್ಧದಲ್ಲಿ ಬಾಲ್‌ಗಿಂತಲೂ, ಅವರ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ನಿಂತು ಪಾಸ್ ತೆಗೆದುಕೊಳ್ಳುವುದೇ ಆಫ್‌ಸೈಡ್. ಪಾಸ್ ಹೊರಡುವ ಕ್ಷಣದಲ್ಲಿ ಆಟಗಾರ ತನ್ನ ಅರ್ಧದಲ್ಲೇ ಇದ್ದರೆ ಆಫ್‌ಸೈಡ್ ಇಲ್ಲ, ಅವನ ಮುಂದೆ ಒಬ್ಬ ಡಿಫೆಂಡರ್ ಕೂಡ ಇಲ್ಲದಿದ್ದರೂ ಇಲ್ಲ. ನಡು ಗೆರೆಯ ಮೇಲೆ ನಿಂತಿದ್ದರೂ ಪರವಾಗಿಲ್ಲ. ಹಾಗಾಗಿ ಮೇಲಿರುವ ಫಾರ್ವರ್ಡ್ ಗೆರೆಯಿಂದ ಒಂದು ಹೆಜ್ಜೆ ನಮ್ಮ ಕಡೆ ನಿಂತು, ಪಾಸ್ ಹೊರಟ ಮೇಲೆ ಹೊರಡಬೇಕು. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಬಾಲ್‌ಗೆ ಆಫ್‌ಸೈಡ್ ಇಲ್ಲ. ಆದರೆ ಕೀಪರ್ ಕೈಯಿಂದ ಎಸೆದ ಬಾಲ್‌ಗೆ ಇದೆ. ಇದನ್ನು ಬಹಳ ಜನ ಕಲಸಿಕೊಳ್ಳುತ್ತಾರೆ.

ಬಾಲ್ ಎಲ್ಲಿ ಕಿತ್ತುಕೊಳ್ಳಬೇಕು ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ಅವರ ಸೈಡ್ ಬ್ಯಾಕ್‌ಗೆ ಬಾಲ್ ಹೋಗಲು ಬಿಡಿ, ಒಳಗಿನ ದಾರಿ ಮುಚ್ಚಿ, ಸೈಡ್ ಲೈನ್ ಕಡೆ ಒತ್ತಿ. ಗೆರೆ ನಮ್ಮ ಹನ್ನೆರಡನೇ ಆಟಗಾರ ಇದ್ದ ಹಾಗೆ. ಅವನು ಅವಸರದಲ್ಲಿ ಒಳಗೆ ಕೊಡುವ ಅಡ್ಡ ಪಾಸ್ ಇದೆಯಲ್ಲ, ಅದನ್ನೇ ಕಾಯಬೇಕು.

ಕಬಡ್ಡಿಯಿಂದ ಬಂದ ಹುಡುಗರಿಗೆ ಇಲ್ಲಿ ಒಂದು ಅಭ್ಯಾಸ ಬಿಡಿಸಬೇಕಾಗುತ್ತದೆ. ಅವರಿಗೆ ಎದುರಿಗೆ ಕಾಲು ಕಂಡರೆ ಬಿದ್ದು ಹಿಡಿಯುವ ಚಾಳಿ. ಸ್ಲೈಡ್ ಮಾಡಿ ಬಾಲ್ ಕಿತ್ತುಕೊಂಡವನು ನೆಲದ ಮೇಲಿರುತ್ತಾನೆ, ಬಾಲ್ ಇನ್ನೆಲ್ಲೋ ಇರುತ್ತದೆ. ಪಾಸ್‌ಗೆ ಅಡ್ಡ ಬಂದು ತೆಗೆದುಕೊಂಡವನು ನಿಂತಿರುತ್ತಾನೆ, ಮುಖ ಮುಂದಕ್ಕಿರುತ್ತದೆ, ಓಟದಲ್ಲೂ ಇರುತ್ತಾನೆ. ಒಳ್ಳೆಯ ಕೌಂಟರ್ ಬರುವುದು ಈ ಎರಡನೆಯವನಿಂದ. "ಬೀಳ್ಬ್ಯಾಡ ಕಣ್ಲಾ, ನಿಂತ್ಕೊಂಡೇ ಕಿತ್ಕೋ" ಅಂತ ನಾನು ದಿನಕ್ಕೆ ಹತ್ತು ಸಲ ಕೂಗುತ್ತೇನೆ.

ಹೆಜ್ಜೆ 2: ಮೊದಲ ನೋಟ, ಮೊದಲ ಟಚ್

ಇದಕ್ಕೇ ನಾನು ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡುವುದು.

ಬಾಲ್ ಬರುವ ಮೊದಲು ಹೆಗಲ ಮೇಲಿಂದ ಹಿಂದೆ ನೋಡುವುದನ್ನು ಕಲಿಸಲು ಒಂದು ಸುಲಭ ಆಟ ಇದೆ. ಮೂವರು ಹುಡುಗರನ್ನು ಒಂದೇ ಸಾಲಿನಲ್ಲಿ ಹತ್ತು ಹತ್ತು ಮೀಟರ್ ದೂರ ನಿಲ್ಲಿಸಿ. ಮೊದಲನೆಯವನು ನಡುವಿನವನಿಗೆ ಪಾಸ್ ಕೊಡುತ್ತಾನೆ. ಬಾಲ್ ಉರುಳುತ್ತಾ ಇರುವಾಗಲೇ ಹಿಂದಿರುವ ಮೂರನೆಯವನು ಕೈ ಎತ್ತಿ ಬೆರಳು ತೋರಿಸುತ್ತಾನೆ, ಎರಡೋ ನಾಲ್ಕೋ. ನಡುವಿನವನು ಒಮ್ಮೆ ಹಿಂದೆ ನೋಡಿ ಎಷ್ಟು ಬೆರಳು ಅಂತ ಜೋರಾಗಿ ಕೂಗಬೇಕು, ಆಮೇಲೆ ಬಾಲ್ ಮುಟ್ಟಬೇಕು, ಆ ಒಂದೇ ಟಚ್‌ನಲ್ಲಿ ತಿರುಗಿ ಹಿಂದಿನವನಿಗೆ ಕೊಡಬೇಕು. ಮೊದಲ ದಿನ ಅರ್ಧ ಜನ ಬಾಲ್ ತಪ್ಪಿಸುತ್ತಾರೆ, ಇನ್ನರ್ಧ ಜನ ಬೆರಳು ತಪ್ಪು ಹೇಳುತ್ತಾರೆ. ಬೈಯಬೇಡಿ. ದಿನಾ ವಾರ್ಮ್ ಅಪ್‌ನಲ್ಲಿ ಐದು ನಿಮಿಷ ಮಾಡಿಸಿ. ಎರಡು ವಾರದಲ್ಲಿ ಮ್ಯಾಚ್‌ನಲ್ಲೂ ಕುತ್ತಿಗೆ ತಾನಾಗಿ ತಿರುಗುವುದು ಕಾಣಿಸುತ್ತದೆ. ಅದನ್ನು ನೋಡಿದಾಗ ನನಗಾಗುವ ಖುಷಿ ಗೋಲ್ ಹೊಡೆದಾಗಲೂ ಆಗುವುದಿಲ್ಲ.

ಮೊದಲ ಟಚ್ ಬಾಲನ್ನು ನಿಲ್ಲಿಸುವುದಕ್ಕಲ್ಲ, ಗುಂಪಿನಿಂದ ಹೊರಗೆ ತೆಗೆಯುವುದಕ್ಕೆ. ಕಿತ್ತುಕೊಂಡ ಜಾಗದಲ್ಲಿ ಅವರ ಮೂರು ನಾಲ್ಕು ಜನ ಸುತ್ತ ಇರುತ್ತಾರೆ, ವಾಪಸ್ ಕಿತ್ತುಕೊಳ್ಳಲು ಮೇಲೆ ಬೀಳುತ್ತಾರೆ. ಪಾದದ ಒಳಬದಿಯಿಂದ ಎರಡು ಮೂರು ಮೀಟರ್ ಮುಂದಕ್ಕೆ, ಖಾಲಿ ಕಡೆಗೆ ತಳ್ಳಲಿ. ನಮ್ಮ ನೆಲ ಗಟ್ಟಿ, ಹುಲ್ಲು ಕಮ್ಮಿ, ಬಾಲ್ ಮೊಣಕಾಲಿನ ತನಕ ಪುಟಿಯುತ್ತದೆ. ಹಾಗಾಗಿ ಕಣಕಾಲನ್ನು ಬಿಗಿ ಹಿಡಿಯದೆ, ಬಾಲ್ ಪುಟಿದೇಳುವ ಹೊತ್ತಿಗೇ ಮೇಲಿಂದ ಮೆತ್ತಗೆ ಒತ್ತಿ ತಳ್ಳುವುದನ್ನು ಬೇರೆಯಾಗಿ ಅಭ್ಯಾಸ ಮಾಡಿಸಬೇಕು.

ಹೆಜ್ಜೆ 3: ಮೊದಲ ಪಾಸ್

ತಲೆ ಎತ್ತಿದವನು ಮೂರು ಪ್ರಶ್ನೆ ಕೇಳಿಕೊಳ್ಳಬೇಕು, ಇದೇ ಕ್ರಮದಲ್ಲಿ. ಅವರ ಡಿಫೆಂಡರ್‌ಗಳ ಹಿಂದಕ್ಕೆ ಕೊಡಬಹುದಾ? ಆಗದಿದ್ದರೆ ನಮ್ಮ ಫಾರ್ವರ್ಡ್ ಕಾಲಿಗೆ ಕೊಡಬಹುದಾ? ಅದೂ ಆಗದಿದ್ದರೆ ನಾನೇ ಬಾಲ್ ತಗೊಂಡು ಮುಂದೆ ಓಡಬಹುದಾ? ಮೂರಕ್ಕೂ ಇಲ್ಲ ಅಂದರೆ ಕೌಂಟರ್ ಇಲ್ಲ, ಬಾಲ್ ಇಟ್ಟುಕೊಳ್ಳಿ, ಹಿಂದಕ್ಕೆ ಕೊಡಿ, ನಿಧಾನವಾಗಿ ಆಡಿ. ಈ "ಇಲ್ಲ" ಅನ್ನುವುದನ್ನು ಕಲಿಸದ ತಂಡ ಬಾಲ್ ಸಿಕ್ಕಾಗೆಲ್ಲ ಕುರುಡಾಗಿ ಮುಂದಕ್ಕೆ ಒದೆಯುತ್ತದೆ. ನೋಡುವವರು ಚಪ್ಪಾಳೆ ತಟ್ಟುತ್ತಾರೆ, ಬಾಲ್ ಮಾತ್ರ ಹತ್ತು ಸೆಕೆಂಡಿನಲ್ಲಿ ವಾಪಸ್ ಬರುತ್ತದೆ.

ಮೊದಲನೆಯ ಪ್ರಶ್ನೆಗೆ ಹೌದು ಅಂತ ಬದುಕಿದ ತಂಡ 2015-16ರ ಲೆಸ್ಟರ್ ಸಿಟಿ. ಬಾಲ್ ಜಾಸ್ತಿ ಹೊತ್ತು ಎದುರಾಳಿಗೇ ಬಿಟ್ಟು, ಕಾಂಟೆ ಕಿತ್ತುಕೊಂಡು, ಡ್ರಿಂಕ್‌ವಾಟರ್ ಉದ್ದಕ್ಕೆ ಕೊಟ್ಟು, ವಾರ್ಡಿ ಡಿಫೆಂಡರ್ ಬೆನ್ನ ಹಿಂದೆ ಓಡಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದರು. ಆ ಸೀಸನ್‌ನಲ್ಲಿ ವಾರ್ಡಿ ಲೀಗ್‌ನಲ್ಲಿ 24 ಗೋಲ್ ಹೊಡೆದ, ಅದರಲ್ಲಿ ಸತತ 11 ಪಂದ್ಯಗಳಲ್ಲಿ ಗೋಲ್.

ನಮ್ಮ ಹುಡುಗರಿಗೆ ಅಷ್ಟು ಉದ್ದದ ಪಾಸ್ ಯಾವಾಗಲೂ ಕೂರುವುದಿಲ್ಲ. ಅವರಿಗೆ ಎರಡನೆಯ ದಾರಿಯೇ ಒಳ್ಳೆಯದು. ಮೇಲಿರುವ ಫಾರ್ವರ್ಡ್ ಕಾಲಿಗೆ ಗಟ್ಟಿ ಪಾಸ್, ಅವನು ಬೆನ್ನಿಗೆ ಡಿಫೆಂಡರ್ ಇಟ್ಟುಕೊಂಡು ಒಂದೇ ಟಚ್‌ನಲ್ಲಿ ಎದುರಿಗೆ ಓಡಿ ಬರುವ ಮಿಡ್‌ಫೀಲ್ಡರ್‌ಗೆ ವಾಪಸ್, ಅವನು ಪಕ್ಕದಿಂದ ಓಡುವ ವಿಂಗರ್ ಮುಂದಕ್ಕೆ. ಮೇಲೆ, ಕೆಳಗೆ, ಆಚೆ. ಈ ಮೂರು ಮಾತನ್ನು ಹುಡುಗರು ಬಾಯಿಪಾಠ ಮಾಡಿಬಿಡುತ್ತಾರೆ. ನಡುವೆ ಓಡಿ ಬರುವವನ ಮುಖ ಗೋಲಿನ ಕಡೆಗಿರುವುದರಿಂದ ಅವನಿಗೆ ಇಡೀ ಮೈದಾನ ಕಾಣಿಸುತ್ತದೆ. ಈ ಚಾಲಿನ ಜೀವ ಇರುವುದು ಅಲ್ಲೇ.

ಎಲ್ಲಿಗೆ ಕೊಡಬೇಕು ಅಂತ ಕೇಳಿದವರಿಗೆ ನಾನು ಗದ್ದೆ ತೋರಿಸುತ್ತೇನೆ. ನಾಲೆ ನೀರು ಬಂದಾಗ ಮಡೆ ತಿರುವಿದರೆ ನೀರು ಎಲ್ಲಿ ತಗ್ಗಿದೆಯೋ ಅಲ್ಲಿಗೇ ನುಗ್ಗುತ್ತದೆ, ಅಲ್ವಾ? ಮೇಲೆ ಬಂದಿರುವ ಅವರ ಸೈಡ್ ಬ್ಯಾಕ್‌ನ ಹಿಂದಿನ ಜಾಗವೇ ಆ ತಗ್ಗು. ಬಾಲ್ ಸಿಗುವ ಮೊದಲೇ ಯಾವ ಕಡೆಯವನು ಮೇಲೆ ಬಂದಿದ್ದಾನೆ ಅಂತ ನೋಡಿಟ್ಟುಕೊಂಡಿರಬೇಕು.

ಹೆಜ್ಜೆ 4: ಓಟ, ಮತ್ತು ಬಾಲ್ ಇರುವವನ ಕೆಲಸ

ಮುಂದಿನ ಅರ್ಧವನ್ನು ಉದ್ದಕ್ಕೆ ಮೂರು ಪಟ್ಟಿ ಮಾಡಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದುಬಿಡಿ. ಬಾಲ್ ನಡುವಿನ ಪಟ್ಟಿಯಲ್ಲಿ, ಎರಡೂ ಪಕ್ಕದಲ್ಲಿ ಒಬ್ಬೊಬ್ಬ. ಒಂದೇ ಪಟ್ಟಿಯಲ್ಲಿ ಇಬ್ಬರು ಓಡಿದರೆ ಒಬ್ಬನೇ ಡಿಫೆಂಡರ್ ಇಬ್ಬರನ್ನೂ ಹಿಡಿಯುತ್ತಾನೆ. ನಾಲ್ಕನೆಯವನು ತಡವಾಗಿ ಹೊರಟು ಬಾಕ್ಸ್ (ಗೋಲಿನ ಮುಂದೆ ಗೆರೆ ಹಾಕಿದ ದೊಡ್ಡ ಜಾಗ) ಹೊರಗೆ ಬಂದು ನಿಲ್ಲಲಿ. ಮಿಕ್ಕವರು ಹಿಂದೇ ಇರಬೇಕು. ಕೀಪರ್ ಬಿಟ್ಟು ಕನಿಷ್ಠ ಮೂವರು ಹಿಂದೆ ಇಲ್ಲದಿದ್ದರೆ ನಮ್ಮ ಕೌಂಟರ್‌ಗೆ ಅವರ ಕೌಂಟರ್ ಬೀಳುತ್ತದೆ. ಒಂದು ಟೂರ್ನಮೆಂಟ್‌ನಲ್ಲಿ ಕೊನೆಯ ನಿಮಿಷಗಳಲ್ಲಿ ಏಳು ಜನ ಮುಂದೆ ಓಡಿದ್ದೆವು. ನಮ್ಮ ಶಾಟ್ ಅವರ ಕೀಪರ್ ಹಿಡಿದ, ಹದಿನೈದು ಸೆಕೆಂಡಿನಲ್ಲಿ ಬಾಲ್ ನಮ್ಮ ಬಲೆಯಲ್ಲಿತ್ತು. ಆ ಸೋಲು ನನ್ನದು, ಹುಡುಗರದ್ದಲ್ಲ. ನಾನು ಹಿಂದೆ ಯಾರಿರಬೇಕು ಅಂತ ಹೇಳಿಯೇ ಇರಲಿಲ್ಲ.

ಇಬ್ಬರಿಗೆ ಒಬ್ಬ ಡಿಫೆಂಡರ್ ಸಿಕ್ಕಿದಾಗ ಏನು ಮಾಡಬೇಕು ಅನ್ನುವುದನ್ನು ನಿಧಾನವಾಗಿ, ನಡೆಸಿ ನಡೆಸಿ ತೋರಿಸಿ. ಬಾಲ್ ಇರುವವನು ನೇರವಾಗಿ ಡಿಫೆಂಡರ್ ಮೇಲೇ ಓಡಬೇಕು. ಪಕ್ಕಕ್ಕೆ ಸರಿದರೆ ಡಿಫೆಂಡರ್‌ಗೆ ಒಂದೇ ಹೆಜ್ಜೆಯಲ್ಲಿ ಇಬ್ಬರೂ ಸಿಗುತ್ತಾರೆ. ಡಿಫೆಂಡರ್ ಹಿಂದೆ ಹಿಂದೆ ಹೋಗುತ್ತಿದ್ದರೆ ಕೊಡಬೇಡಿ, ಓಡುತ್ತಲೇ ಇರಿ, ಅವನಿಗೆ ಬೇಕಾಗಿರುವುದು ನೀವು ಬೇಗ ಕೊಡುವುದೇ. ಎರಡು ಮೂರು ಮೀಟರ್ ಹತ್ತಿರವಾದಾಗ ಅವನ ಸೊಂಟ ನಿಮ್ಮ ಕಡೆ ತಿರುಗುತ್ತದೆ, ಮುಂದಿನ ಕಾಲು ನೆಲಕ್ಕೆ ಊರುತ್ತದೆ. ಅದೇ ಕ್ಷಣ. ಕಾಲೂರಿದವನು ಇನ್ನೊಂದು ಕಡೆಗೆ ತಕ್ಷಣ ಹೊರಡಲಾರ. ಪಾಸ್ ಆಗ ಹೋಗಬೇಕು, ಗೆಳೆಯನ ಕಾಲಿಗಲ್ಲ, ಅವನು ಓಡುವ ದಾರಿಯಲ್ಲಿ ಮುಂದಕ್ಕೆ. ಹುಡುಗರಿಗೆ ಡಿಫೆಂಡರ್‌ನ ಮುಖ ನೋಡಬೇಡಿ, ಮೊಣಕಾಲು ನೋಡಿ ಅಂತ ಹೇಳುತ್ತೇನೆ.

ಎಷ್ಟು ಮುಂದಕ್ಕೆ ಅನ್ನುವುದು ನೆಲ ನೋಡಿ. ಬೇಸಿಗೆಯಲ್ಲಿ ಒಣ ನೆಲದ ಮೇಲೆ ಬಾಲ್ ನಿಲ್ಲುವುದೇ ಇಲ್ಲ, ನೇರ ಪಾಸ್ ಕೀಪರ್ ಕೈಗೇ ಹೋಗುತ್ತದೆ. ಆಗ ಓರೆಯಾಗಿ, ಸ್ವಲ್ಪ ಮೆತ್ತಗೆ ಕೊಡಿ. ಮಳೆಗಾಲದಲ್ಲಿ ಅದೇ ಪಾಸ್ ಕೆಸರಲ್ಲಿ ಸಿಕ್ಕಿಕೊಳ್ಳುತ್ತದೆ, ಆಗ ಬಾಲನ್ನು ಎತ್ತಿ ಕೊಡಬೇಕು.

ಕೊನೆಯ ಶಾಟ್ ಬಗ್ಗೆ ಒಂದೇ ಮಾತು. ಅಷ್ಟು ದೂರ ಓಡಿ ಬಂದವನಿಗೆ ಉಸಿರು ಬಿಗಿದಿರುತ್ತದೆ, ದೂರದಿಂದಲೇ ಹೊಡೆದುಬಿಡೋಣ ಅನಿಸುತ್ತದೆ. ಹೊಡೆಯದೆ ಬಾಕ್ಸ್ ಒಳಗೆ ಹೋಗಲಿ, ಪಕ್ಕದಿಂದ ಬಂದರೆ ನೆಲದ ಮೇಲೇ ಹಿಂದಕ್ಕೆ ಕೊಡಲಿ. ಡಿಫೆಂಡರ್‌ಗಳೆಲ್ಲ ಗೋಲಿನ ಕಡೆ ಓಡುತ್ತಿರುತ್ತಾರೆ, ಹಿಂದಿನಿಂದ ಬರುವವನು ಒಬ್ಬನೇ ಖಾಲಿ ಇರುತ್ತಾನೆ.

ಹೆಜ್ಜೆ 5: ಅಭ್ಯಾಸಗಳು

ಕೋನ್ ಇಲ್ಲದಿದ್ದರೆ ಚಪ್ಪಲಿ ಇಡಿ, ಕಲ್ಲು ಇಟ್ಟಿಗೆ ಮಾತ್ರ ಬೇಡ. ತಂಡ ಗುರುತಿಸಲು ಅಂಗಿ ಮೇಲೆ ಹಾಕುವ ಎರಡು ಬಣ್ಣದ ಬಿಬ್ ಇರಲಿ, ಬಾಲ್ ಎಂಟು ಹತ್ತು ಇದ್ದರೆ ಸಾಕು.

ಮೊದಲನೆಯದು ಇಬ್ಬರಿಗೆ ಒಬ್ಬ. 25 ಮೀಟರ್ ಉದ್ದ, 15 ಮೀಟರ್ ಅಗಲ, ಕೊನೆಯಲ್ಲಿ ಗೋಲ್ ಮತ್ತು ಕೀಪರ್. ಡಿಫೆಂಡರೇ ಆ ತುದಿಯಿಂದ ಇಬ್ಬರಿಗೆ ಬಾಲ್ ಕೊಟ್ಟು ಹೊರಡುತ್ತಾನೆ. ಆರು ಸೆಕೆಂಡಿನಲ್ಲಿ ಶಾಟ್ ಆಗಬೇಕು. ಸಾಲಿನಲ್ಲಿ ಕಾಯುವ ಹುಡುಗರೇ "ಒಂದು, ಎರಡು, ಮೂರು" ಅಂತ ಜೋರಾಗಿ ಎಣಿಸಲಿ. ಸೀಟಿಗಿಂತ ಆ ಎಣಿಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಕಾಯುವವರಿಗೂ ಬೇಜಾರಾಗುವುದಿಲ್ಲ.

ಎರಡನೆಯದು ನನಗೆ ತುಂಬಾ ಇಷ್ಟ. 15 ಮೀಟರ್ ಚೌಕದೊಳಗೆ ಐವರು ಬಾಲ್ ಇಟ್ಟುಕೊಂಡು ಆಡುತ್ತಾರೆ, ಮೂವರು ಕಿತ್ತುಕೊಳ್ಳಬೇಕು. ಚೌಕದಿಂದ 20 ಮೀಟರ್ ದೂರದಲ್ಲಿ, ಎರಡು ಕಡೆ ಒಬ್ಬೊಬ್ಬ ಫಾರ್ವರ್ಡ್ ಕಾಯುತ್ತಿರುತ್ತಾನೆ. ಮೂವರಿಗೆ ಬಾಲ್ ಸಿಕ್ಕ ಮೂರು ಸೆಕೆಂಡಿನಲ್ಲಿ ಇಬ್ಬರಲ್ಲಿ ಒಬ್ಬನಿಗೆ ತಲುಪಿಸಬೇಕು, ಮೂವರಲ್ಲಿ ಒಬ್ಬನಾದರೂ ಓಡಿ ಹೋಗಿ ಅವನಿಂದ ವಾಪಸ್ ತೆಗೆದುಕೊಳ್ಳಬೇಕು. ಆಗ ಒಂದು ಅಂಕ. ಐವರು ಸುಮ್ನೆ ನಿಲ್ಲುವುದಿಲ್ಲ, ಕಳೆದುಕೊಂಡ ಕೂಡಲೇ ಮೇಲೆ ಬೀಳುತ್ತಾರೆ. ಕಾಯುವ ಫಾರ್ವರ್ಡ್‌ಗಳು ನಡುನಡುವೆ ಜಾಗ ಬದಲಿಸಲಿ, ಆಗ ಮೂವರೂ ಬಾಲ್ ಕಿತ್ತುಕೊಳ್ಳುವ ಮೊದಲೇ ತಲೆ ಎತ್ತಿ ಹುಡುಕಬೇಕಾಗುತ್ತದೆ. ಬೆರಳು ಎಣಿಸಿದ್ದು ಇಲ್ಲಿ ಫಲ ಕೊಡುತ್ತದೆ. ಎರಡು ನಿಮಿಷ ಆಡಿಸಿ, ಮೂವರನ್ನು ಬದಲಿಸಿ.

ಮೂರನೆಯದು ಅರ್ಧ ಮೈದಾನದಲ್ಲಿ ಏಳು ಜನಕ್ಕೆ ಏಳು ಜನ. ನಡು ಗೆರೆಯ ಮೇಲೆ ಮೂರು ಬಾಗಿಲು ಮಾಡಿ, ಎಡ, ನಡು, ಬಲ. ದಾಳಿ ಮಾಡುವವರು ಗೋಲ್ ಹೊಡೆಯಲು ನೋಡುತ್ತಾರೆ. ಕಾಯುವವರು ಬಾಲ್ ಕಿತ್ತುಕೊಂಡರೆ ಎಂಟು ಸೆಕೆಂಡಿನಲ್ಲಿ ಯಾವುದಾದರೂ ಬಾಗಿಲು ದಾಟಬೇಕು. ಪಾಸ್ ಕೊಟ್ಟು ದಾಟಿದರೆ ಎರಡು ಅಂಕ, ಓಡಿ ದಾಟಿದರೆ ಒಂದು.

ಕಾರ್ನರ್ ಕಾಯುವ ಅಭ್ಯಾಸವನ್ನು ಇದರ ಜೊತೆಗೇ ಸೇರಿಸಿ. ಕೀಪರ್ ಬಾಲ್ ಹಿಡಿದ ಕೂಡಲೇ ಬಾಕ್ಸ್ ಅಂಚಿಗೆ ಓಡಿ ಬರಬೇಕು, ಎದುರಾಳಿಗಳೆಲ್ಲ ಅವನ ಸುತ್ತಲೇ ಇರುತ್ತಾರೆ, ಅವರನ್ನು ದಾಟಿ ಎಸೆದರೆ ಅರ್ಧ ತಂಡ ಹಿಂದೆ ಬಿದ್ದ ಹಾಗೆ. 2025ರ ಜುಲೈನಿಂದ ಹೊಸ ನಿಯಮ ಬಂದಿದೆ. ಕೀಪರ್ ಎಂಟು ಸೆಕೆಂಡಿಗಿಂತ ಜಾಸ್ತಿ ಹೊತ್ತು ಬಾಲ್ ಕೈಯಲ್ಲಿ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಬಾಲ್ ಹಿಡಿದು ಮಲಗುವ ಚಟ ಇರುವ ಕೀಪರ್‌ಗಳಿಗೆ ಈಗಲೇ ಬಿಡಿಸಿ.

ಕೊನೆಗೆ ಮ್ಯಾಚ್ ಆಡಿಸಿ. ಬಾಲ್ ಕಿತ್ತುಕೊಂಡ ಹತ್ತು ಸೆಕೆಂಡಿನೊಳಗೆ ಹೊಡೆದ ಗೋಲ್‌ಗೆ ಎರಡು ಲೆಕ್ಕ. ಅಷ್ಟೇ ನಿಯಮ, ಬೇರೇನೂ ಹೇಳಬೇಡಿ, ಹುಡುಗರೇ ದಾರಿ ಹುಡುಕಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಈ ಅಭ್ಯಾಸಗಳೆಲ್ಲ ಪೂರ್ತಿ ವೇಗದ ಓಟ. ಸುಸ್ತಾದ ಕಾಲಲ್ಲಿ ಮಾಡಿಸಿದರೆ ನಿಧಾನವಾಗಿ ಓಡುವುದನ್ನೇ ಕಲಿಸಿದ ಹಾಗಾಗುತ್ತದೆ, ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುವ ಅಪಾಯವೂ ಜಾಸ್ತಿ. ಎಂಟು ಸೆಕೆಂಡ್ ಓಡಿದವನಿಗೆ ಮುಕ್ಕಾಲು ನಿಮಿಷವಾದರೂ ನಿಲ್ಲಲು ಬಿಡಿ. ಪ್ರಾಕ್ಟೀಸ್ ಶುರುವಿನಲ್ಲಿ, ವಾರ್ಮ್ ಅಪ್ ಆದ ಮೇಲೆ ಮಾಡಿಸಿ, ಕೊನೆಯಲ್ಲಿ ಅಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸಿ ಅಥವಾ ಸಂಜೆ ಐದರ ಮೇಲೆ ಶುರು ಮಾಡಿ, ನಡುವೆ ಎರಡು ಸಲ ನೀರು ಕುಡಿಸಿ. ಕೆಲವು ಹುಡುಗರು ಬೆಳಿಗ್ಗೆ ಏನೂ ತಿನ್ನದೆ ಹಳ್ಳಿಯಿಂದ ಬಸ್ ಹತ್ತಿ ಬಂದಿರುತ್ತಾರೆ. ಅದನ್ನು ಕೇಳಿಕೊಂಡು, ಒಂದು ಬಾಳೆಹಣ್ಣಾದರೂ ತಿನ್ನಿಸಿ ಓಡಿಸಿ.

ಹೆಜ್ಜೆ 6: ಕೂಗುವ ಮಾತು

ಉದ್ದ ಮಾತಿಗೆ ಸಮಯ ಇಲ್ಲ. ನಮ್ಮ ತಂಡದಲ್ಲಿ ನಾಲ್ಕೇ ಕೂಗು. ಬಾಲ್ ಸಿಕ್ಕ ಕೂಡಲೇ ಎಲ್ಲರೂ "ಮುಂದೆ!" ಬೆನ್ನ ಹಿಂದೆ ಎದುರಾಳಿ ಇದ್ದರೆ "ಹಿಂದವ್ನೆ!" ಇಲ್ಲದಿದ್ದರೆ "ತಿರುಗ್ಲಾ!" ಕೌಂಟರ್ ಆಗುವುದಿಲ್ಲ ಅನಿಸಿದರೆ "ಇಟ್ಕೋ!" ಈ ಕೊನೆಯದನ್ನು ಕೂಗುವ ಅಧಿಕಾರ ಇಬ್ಬರಿಗೆ ಮಾತ್ರ, ನಡುವಿನ ಮಿಡ್‌ಫೀಲ್ಡರ್‌ಗಳಿಗೆ. ಮನೆಮಾತಿನಲ್ಲೇ ಕೂಗಿದರೆ ಕಾಲು ಬೇಗ ಕೇಳಿಸಿಕೊಳ್ಳುತ್ತದೆ, ಇದು ನಾನು ಕಣ್ಣಾರೆ ನೋಡಿದ್ದು.

ಮ್ಯಾಚ್ ದಿನ

ಮೆಟ್ಟಿಲ ಮೇಲೆ ಎತ್ತರದಲ್ಲಿ ಯಾರಾದರೂ ಒಬ್ಬ ಹುಡುಗನನ್ನು ಮೊಬೈಲ್ ಕೊಟ್ಟು ಕೂರಿಸಿ, ಪೂರ್ತಿ ಮೈದಾನ ಕಾಣುವ ಹಾಗೆ ವಿಡಿಯೋ ಮಾಡಲಿ, ಬಾಲ್ ಹಿಂದೆ ಕ್ಯಾಮೆರಾ ತಿರುಗಿಸುವುದು ಬೇಡ. ಮಾರನೆಯ ದಿನ ನಾವು ಬಾಲ್ ಕಿತ್ತುಕೊಂಡ ಜಾಗಗಳಲ್ಲಿ ಮಾತ್ರ ನಿಲ್ಲಿಸಿ, "ಈಗ ಎಲ್ಲಿಗೆ ಕೊಡ್ತೀಯಾ?" ಅಂತ ಆ ಹುಡುಗನನ್ನೇ ಕೇಳಿ. ಉತ್ತರ ನೀವು ಹೇಳಬೇಡಿ. ನೋಟ್‌ಬುಕ್‌ನಲ್ಲಿ ಎರಡೇ ಲೆಕ್ಕ ಬರೆಯಿರಿ, ಎಷ್ಟು ಸಲ ಬಾಲ್ ಕಿತ್ತುಕೊಂಡೆವು, ಅದರಲ್ಲಿ ಎಷ್ಟು ಸಲ ಮೊದಲ ಪಾಸ್ ಮುಂದಕ್ಕೆ ಹೋಗಿ ನಮ್ಮವರಿಗೇ ತಲುಪಿತು. ಗೋಲ್ ಲೆಕ್ಕ ಸ್ಕೋರ್ ಬೋರ್ಡ್ ಇಟ್ಟುಕೊಳ್ಳುತ್ತದೆ.

ಎದುರು ತಂಡ ಮುಂದೆಯೇ ಬಾರದೆ ಹಿಂದೆ ಕೂತುಬಿಟ್ಟರೆ ಈ ಪಾಠ ಆ ದಿನ ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಆಗ ಅವರನ್ನು ಕರೆಯಬೇಕು. ನಮ್ಮ ತಂಡ ಇಡಿಯಾಗಿ ಹತ್ತು ಮೀಟರ್ ಹಿಂದೆ ಸರಿಯಲಿ, ಅವರ ಸೆಂಟರ್ ಬ್ಯಾಕ್‌ಗಳಿಗೆ ಬಾಲ್ ಬಿಟ್ಟುಕೊಡಿ, ಒತ್ತಬೇಡಿ. ಐದು ನಿಮಿಷ, ಹತ್ತು ನಿಮಿಷ ತಾಳ್ಮೆ ಬೇಕು, ಹೊರಗಿನಿಂದ ನೋಡುವವರು ಬೈಯುತ್ತಾರೆ. ಅವರ ಸೈಡ್ ಬ್ಯಾಕ್ ನಿಧಾನಕ್ಕೆ ಒಂದೊಂದೇ ಹೆಜ್ಜೆ ಮೇಲೆ ಬರಲು ಶುರು ಮಾಡುತ್ತಾನೆ. ಅವನು ನಡು ಗೆರೆ ದಾಟಿದ್ದನ್ನು ನಿಮಗಿಂತ ಮೊದಲು ನಿಮ್ಮ ವಿಂಗರ್ ನೋಡಿರಬೇಕು.